ಮರಗೆಣಸಿನ ತೆಳಿ

ಕಳೆದ ವಾರ ಬೊಕ್ಕಪಟ್ಣದ ಒಂದು ಓಣಿಯಲ್ಲಿ ಚರಂಡಿಯ ಎದುರು ನಿಂತುಬಿಟ್ಟೆ. ಮಳೆ ಸ್ವಲ್ಪ ಬಿಟ್ಟಿತ್ತು. ಒಂದು ಮನೆಯ ಹಿಂದಿನ ಗೋಡೆಯ ತೂತಿನಿಂದ ಬೆಳ್ಳಗಿನ ಬಿಸಿನೀರು ಹೊರಬಂದು ಕೆಂಪು ಮಳೆನೀರಿನಲ್ಲಿ ಸೇರಿ ಹೋಗುತ್ತಿತ್ತು. ಅದರ ಆವಿಯಲ್ಲಿ ಕುಚ್ಚಲಕ್ಕಿಯ ವಾಸನೆ. ಅನ್ನ ಬಸಿದ ನೀರು, ನಾವು ತೆಳಿ ಎನ್ನುವುದು. ನಮ್ಮ ಊರಿನಲ್ಲಿ ಅದನ್ನು ಯಾರೂ ಚೆಲ್ಲುವುದಿಲ್ಲ. ಉಪ್ಪು ಹಾಕಿ ಕುಡಿಯುತ್ತಾರೆ, ಬಾಣಂತಿಗೆ ಕೊಡುತ್ತಾರೆ, ಜ್ವರ ಬಿಟ್ಟವರಿಗೆ ಕೊಡುತ್ತಾರೆ, ಕುಡಿಯುವವರು ಯಾರೂ ಇಲ್ಲದಿದ್ದರೆ ದನದ ಬಾನಿಗೆ ಹೊಯ್ಯುತ್ತಾರೆ. ಯುದ್ಧ ಮುಗಿದು ವರ್ಷಗಳಾದರೂ ರೇಷನ್ ಮುಗಿದಿಲ್ಲ. ಇಂಥ ಕಾಲದಲ್ಲಿ ಚರಂಡಿಯಲ್ಲಿ ತೆಳಿ ಹರಿಯುವುದನ್ನು ನಾನು ನೋಡಿರಲಿಲ್ಲ.

ನಾನೀಗ ರೇಷನ್ ಕಚೇರಿಯ ಗುಮಾಸ್ತ. ಅಂದು ಅಂಗಡಿ ತಪಾಸಣೆಗೆಂದು ಹೋಗಿದ್ದೆ. ಅಂಗಡಿಯ ಅಬ್ಬು ಸಾಹೇಬರು ಕೊಡೆ ಹಿಡಿದು ಹಿಂದೆಯೇ ಬಂದರು.

"ಅದನ್ನೆಂತ ನೋಡುವುದು ಮಾರಾಯ್ರೆ? ಅವಳು ದಿನಾ ಚೆಲ್ಲುತ್ತಾಳೆ. ನನ್ನ ಅಂಗಡಿಯ ಅಕ್ಕಿಯೇ. ಕೇಳಿದರೆ ಬಾಯಿ ಬಿಡುವುದಿಲ್ಲ. ತಲೆ ಸರಿ ಇಲ್ಲ ಅಂತ ಕಾಣ್ತದೆ."

"ಯಾರು?"

"ಮಾರ್ತಕ್ಕ ಅಂತ. ಮೊದಲು ಹಂಚಿನ ಕಾರ್ಖಾನೆಯಲ್ಲಿದ್ದಳು."

ನಾನು ಆ ಮನೆಯ ಬಾಗಿಲು ತಟ್ಟಲಿಲ್ಲ. ಕಚೇರಿಗೆ ಹಿಂದಿರುಗಿ ಕುಳಿತರೂ ಆ ವಾಸನೆ ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದು ಅಕ್ಕಿಯ ವಾಸನೆಯಾಗಿ ಉಳಿಯಲಿಲ್ಲ. ನಾಲಗೆಯ ಬುಡದಲ್ಲಿ ಕಹಿ ಎದ್ದಿತು. ಆರು ವರ್ಷಗಳಿಂದ ಅದು ಹೀಗೆಯೇ ಹೇಳದೆ ಕೇಳದೆ ಬರುತ್ತದೆ. ಬಂದಾಗ ಎಡಗೈಯಿಂದ ಬಲಗೈಯ ನಾಡಿ ಹಿಡಿದು ಎಣಿಸುವ ಅಭ್ಯಾಸವಾಗಿದೆ. ಮನೆಯವರು ಇದನ್ನು ನನ್ನ ಒಂದು ಖಯಾಲಿ ಎಂದುಕೊಂಡಿದ್ದಾರೆ.

ಅದಕ್ಕೂ ಒಂದು ವರ್ಷ ಹಿಂದೆ, ಯುದ್ಧದ ನಡುವೆ, ನಾನು ಬಿ.ಎ. ಮುಗಿಸಿ ಕೆಲಸವಿಲ್ಲದೆ ಇದ್ದೆ. ತಂದೆ ದೇವಸ್ಥಾನದ ಅರ್ಚಕರು. ಬರ್ಮಾದ ಅಕ್ಕಿ ನಿಂತುಹೋಗಿತ್ತು. ಹಂಚು ಒಯ್ಯುವ ಹಡಗುಗಳೂ ಬರುತ್ತಿರಲಿಲ್ಲ. ಹೊಳೆಬದಿಯ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ಹೊಗೆ ಬಿಡುವುದನ್ನು ನಿಲ್ಲಿಸಿದವು. ಬೊಕ್ಕಪಟ್ಣದ ಮನೆಗಳಲ್ಲಿ ಗಂಡಸರು ಹಗಲು ಹೊತ್ತಿನಲ್ಲಿ ಜಗಲಿಯಲ್ಲಿ ಕುಳಿತಿರುವುದು ಕಾಣತೊಡಗಿತು. ನನಗೆ ಆಗ ಅದೇ ಹೆದರಿಕೆ ಹುಟ್ಟಿಸಿದ ದೃಶ್ಯ. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಅಲ್ಲಿನ ಸಣ್ಣ ಇಗರ್ಜಿಯ ಯೋನ ಪಾದ್ರಿಗಳು ಒಂದು ಸಂಜೆ ನಮ್ಮ ಮನೆಯ ಗೇಟಿನ ಹೊರಗೆ ನಿಂತು ನನ್ನನ್ನು ಕರೆದರು. ತೆಳ್ಳಗಿನ ಮನುಷ್ಯ, ಕೋಟಿನ ಮೊಣಕೈಗೆ ತೇಪೆ. ಪರದೇಶದ ಯಾವುದೋ ಸಭೆಗಳವರು ಹಸಿವೆಯ ಊರುಗಳಿಗೆಂದು ಹಣ ಕೂಡಿಸುತ್ತಾರಂತೆ. ಕೇಳಿದವರಿಗೆಲ್ಲ ಕೊಡುವುದಿಲ್ಲವಂತೆ, ಊರಿನವರೇ ಸೇರಿ ಒಂದು ಕೆಲಸ ಯೋಚಿಸಿ ಅರ್ಜಿ ಹಾಕಬೇಕಂತೆ.

"ನನಗೆ ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡ್ಲಿಕ್ಕೆ ಬರ್ತದೆ, ಅರ್ಜಿ ಬರೀಲಿಕ್ಕೆ ಬರುವುದಿಲ್ಲ," ಎಂದರು. "ದೇವರು ತಪ್ಪು ತಿದ್ದಿಕೊಂಡು ಕೇಳ್ತಾನೆ. ಕಮಿಟಿಯವರು ಕೇಳುವುದಿಲ್ಲ."

ತಂದೆ ಒಳಗಿನಿಂದ ಕೇಳಿಸಿಕೊಂಡಿದ್ದರು. ಪಾದ್ರಿಗಳು ಹೋದ ಮೇಲೆ ನನಗೆ ಹೇಳಿದರು: "ಬರೆದು ಕೊಡು. ಒಳ್ಳೆಯ ಕೆಲಸ. ಬರೆಯುವುದಕ್ಕೆ ಮೈಲಿಗೆ ಇಲ್ಲ. ಅಲ್ಲಿ ನೀರು ಮಾತ್ರ ಮುಟ್ಟಬೇಡ."

ಅರ್ಜಿಯ ಫಾರಂನಲ್ಲಿದ್ದ ಪ್ರಶ್ನೆಗಳು ಇನ್ನೂ ನೆನಪಿವೆ. ಈ ಕೆಲಸವನ್ನು ಯಾರು ನಡೆಸುತ್ತಾರೆ? ಊರಿನವರು ತಮ್ಮ ಪಾಲಿಗೆ ಏನು ಕೊಡುತ್ತಾರೆ? ಹಸಿವೆ ಕಡಿಮೆಯಾಗಿದೆ ಎಂದು ನಿಮಗೆ ಹೇಗೆ ತಿಳಿಯುತ್ತದೆ? ಈ ಕೊನೆಯ ಪ್ರಶ್ನೆಯನ್ನು ನಾನು ಕಾರ್ಖಾನೆಯ ಖಾಲಿ ಶೆಡ್ಡಿನಲ್ಲಿ ಸೇರಿದ್ದವರಿಗೆ ಓದಿ ಹೇಳಿದೆ. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೂಡಿನಲ್ಲಿ ಹಂಚು ಸುಡುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿದ್ದ ದೂಮಣ್ಣ ಎದ್ದು ನಿಂತ. ಹುಬ್ಬುಗಳೆಲ್ಲ ಬೆಂಕಿಗೆ ಸುಟ್ಟು ಎಂದೋ ಹೋಗಿದ್ದವು.

"ಬರೀರಿ ಭಟ್ರೇ. ದೂಮ ಜೋಕು ಹೇಳುವುದು ನಿಲ್ಲಿಸಿದರೆ ಹೊಟ್ಟೆ ತುಂಬಿದೆ ಅಂತ ಲೆಕ್ಕ. ಈಗ ಬರೀ ಗಾಳಿ ತುಂಬಿ ಬಾಯಿ ಬಡೀತಾ ಉಂಟು."

ಅವನ ಮಗಳು ಆಗ ಬಸುರಿ. ಅಳಿಯ ಸೈನ್ಯಕ್ಕೆ ಸೇರಿ ಹೋದವನು ಕಾಗದ ಹಾಕಿರಲಿಲ್ಲ.

ನಾವು ಎರಡು ಕೆಲಸ ಕೇಳಿದೆವು. ಒಂದು, ಶೆಡ್ಡಿನಲ್ಲಿ ಮಧ್ಯಾಹ್ನದ ಗಂಜಿ. ಇನ್ನೊಂದು, ಕಾವೂರಿನ ಗುಡ್ಡೆಯಲ್ಲಿ ಮರಗೆಣಸು. ಮರಗೆಣಸಿನ ಯೋಚನೆ ನನ್ನದು. ಅದರ ಬಗ್ಗೆ ಒಂದು ಇಂಗ್ಲಿಷ್ ಕರಪತ್ರ ನನಗೆ ಸಿಕ್ಕಿತ್ತು. ಎರಡು ಜಾತಿ ಉಂಟು, ಸಿಹಿಯದು ಮತ್ತು ಕಹಿಯದು. ಕಹಿಯದು ಬರಡು ನೆಲದಲ್ಲಿಯೂ ಹೆಚ್ಚು ಬಿಡುತ್ತದೆ, ಹೆಗ್ಗಣ ಮುಟ್ಟುವುದಿಲ್ಲ, ಮುಳ್ಳುಹಂದಿ ಮುಟ್ಟುವುದಿಲ್ಲ. ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಬೇಯಿಸಿ ನೀರು ಚೆಲ್ಲಬೇಕು, ಮತ್ತೆ ಬೇಯಿಸಿ ಮತ್ತೆ ಚೆಲ್ಲಬೇಕು. ಹೆಗ್ಗಣ ಮುಟ್ಟದ ಬೆಳೆ ಎಂಬುದನ್ನು ನಾನು ಅರ್ಜಿಯಲ್ಲಿ ದೊಡ್ಡ ವಾದವಾಗಿ ಬರೆದೆ. ಹೆಗ್ಗಣ ಯಾಕೆ ಮುಟ್ಟುವುದಿಲ್ಲ ಎಂದು ಯೋಚಿಸುವುದಕ್ಕೆ ನನ್ನ ಬಿ.ಎ. ನನಗೆ ಕಲಿಸಿರಲಿಲ್ಲ.

ಅರ್ಜಿಯನ್ನು ಕೊಡಿಯಾಲ್‌ಬೈಲಿನ ಕಮಿಟಿಯವರ ಬಂಗಲೆಗೆ ನಾನೇ ನಡೆದು ಹೋಗಿ ಕೊಟ್ಟುಬಂದೆ. ಮಂಜೂರಾಯಿತು. ಆ ಮಳೆಗಾಲದಲ್ಲಿಯೇ ದೂಮಣ್ಣನ ಜೊತೆ ಮೂವತ್ತು ಮಂದಿ ಕಾವೂರಿಗೆ ಹೋಗಿ ಗುಡ್ಡೆ ಅಗೆದರು. ಜಗಲಿಯಲ್ಲಿ ಕುಳಿತಿದ್ದ ಕೈಗಳಿಗೆ ಪಿಕ್ಕಾಸು ಸಿಕ್ಕಿದ್ದೇ ತಡ, ಅವರ ನಡಿಗೆಯೇ ಬೇರೆಯಾಯಿತು. ಅದು ನಾನು ಕಂಡ ಒಳ್ಳೆಯ ಸಂಗತಿ, ಸುಳ್ಳಲ್ಲ. ಯೋನ ಪಾದ್ರಿಗಳು ಕೋಟು ಬಿಚ್ಚಿ ಕೊಂಬೆಗೆ ನೇತುಹಾಕಿ ಅವರ ಜೊತೆ ಗೆಣಸಿನ ಕಡ್ಡಿ ನೆಟ್ಟರು. ಆ ವರ್ಷವಿಡೀ ಶೆಡ್ಡಿನಲ್ಲಿ ಗಂಜಿ ಬೆಂದಿತು. ಬೇಯಿಸುವವಳು ಮಾರ್ತಕ್ಕ. ಗಂಡನಿಲ್ಲ, ಮಕ್ಕಳಿಲ್ಲ, ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತು ಹೊತ್ತು ಗಟ್ಟಿಯಾದ ಕುತ್ತಿಗೆ. ಬಡಿಸುವಾಗ ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ ಎತ್ತುತ್ತಿದ್ದಳು, ಎಲ್ಲರಿಗೂ ಅಗುಳು ಸಿಗಬೇಕೆಂದು.

ಮುಂದಿನ ವರ್ಷದ ಮಳೆ ಬಂತು. ನಮ್ಮ ತುಳು ತಿಂಗಳು ಆಟಿ, ಏನೂ ಬೆಳೆಯದ, ಏನೂ ಸಿಗದ ತಿಂಗಳು. ಆಟಿ ಹುಟ್ಟುವ ಮೊದಲೇ ಅಕ್ಕಿ ಬರುವುದು ನಿಂತಿತು. ಕಾವೂರಿನ ಗೆಣಸು ಅಗೆಯುವ ಹೊತ್ತಾಗಿತ್ತು. ಗುಡ್ಡೆಯಿಂದ ಕೂಳೂರಿಗೆ ಹೊತ್ತು, ಅಲ್ಲಿಂದ ದೋಣಿಯಲ್ಲಿ ಹೊಳೆಯಿಳಿಸಿ ತಂದರು. ಮೊದಲ ದೋಣಿ ಬಂದ ದಿನ ಊರಿನವರೆಲ್ಲ ಕಡವಿಗೆ ಬಂದು ನಿಂತಿದ್ದರು, ಮದುವೆ ದಿಬ್ಬಣ ಬಂದ ಹಾಗೆ.

ನಾನು ಕರಪತ್ರವನ್ನು ಮಾರ್ತಕ್ಕನಿಗೆ ತುಳುವಿನಲ್ಲಿ ಮೂರು ಸಲ ಹೇಳಿದೆ. ಅವಳು ಪಾಠ ಒಪ್ಪಿಸುವವಳಂತೆ ತಿರುಗಿ ಹೇಳಿದಳು. "ಒಮ್ಮೆ ಬೇಯಿಸಿ ಚೆಲ್ಲುವುದು. ಮತ್ತೊಮ್ಮೆ ಬೇಯಿಸಿ ಚೆಲ್ಲುವುದು."

ಮೊದಲ ಕೆಲವು ದಿನ ಹಾಗೆಯೇ ಮಾಡಿದಳು. ಎರಡು ದೊಡ್ಡ ಪಾತ್ರೆಗಳ ನೀರು, ಬೆಳ್ಳಗೆ, ದಪ್ಪಗೆ, ಆವಿಯಾಡುತ್ತಾ ಶೆಡ್ಡಿನ ಹಿಂದಿನ ಚರಂಡಿಗೆ ಹೋಗುತ್ತಿತ್ತು. ಜನ ಸಾಲಿನಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಒಬ್ಬ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮಾರ್ತಕ್ಕ, ಚರಂಡಿಯ ಹೆಸರೂ ಪಟ್ಟಿಯಲ್ಲಿ ಉಂಟಾ?" ಎಂದ ದೂಮಣ್ಣ. "ನಮಗಿಂತ ಮೊದಲು ಅದಕ್ಕೆ ಬಡಿಸ್ತೀಯಲ್ಲ."

"ನಾನೆಂತ ಮಾಡ್ಲಿ? ಭಟ್ರು ಹೇಳಿದ್ದಾರೆ."

"ಭಟ್ರ ಮನೆಯಲ್ಲಿ ತೆಳಿ ಚೆಲ್ಲುತ್ತಾರಾ, ಕೇಳು."

ನಮ್ಮ ಮನೆಯಲ್ಲಿಯೂ ಚೆಲ್ಲುತ್ತಿರಲಿಲ್ಲ.

ದಿನವೂ ಸಾಲು ಉದ್ದವಾಯಿತು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಎಲ್ಲ ಮನೆಗಳಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿದರು. ಅದು ಇಲ್ಲಿನ ಪದ್ಧತಿ. ಆ ಕಹಿ ಒಮ್ಮೆ ಹೊಟ್ಟೆಗೆ ಹೋದರೆ ವರ್ಷವಿಡೀ ರೋಗವಿಲ್ಲ ಎಂದು ನಂಬಿಕೆ. ಸಣ್ಣ ಮಕ್ಕಳಿಗೂ ಮೂಗು ಹಿಡಿದು ಕುಡಿಸುತ್ತಾರೆ.

ಅದು ಕಳೆದು ಎರಡನೆಯ ದಿನ. ಬೆಳಿಗ್ಗೆಯಿಂದ ಹೊಳೆ ಮತ್ತು ಆಕಾಶ ಒಂದೇ ಬಣ್ಣ. ಸೌದೆ ಒದ್ದೆ. ಮಾರ್ತಕ್ಕ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಆ ಸೌದೆಯಲ್ಲಿ ಎರಡು ಸಲ ಬೇಯಿಸುವುದು ಆಗುವ ಮಾತಲ್ಲ. ಗೆಣಸೂ ಕಡಿಮೆ, ದೋಣಿ ಅರ್ಧ ತುಂಬಿ ಬಂದಿತ್ತು. ಒಮ್ಮೆ ಬೆಂದ ಪಾತ್ರೆಯನ್ನು ಬಸಿದು, ತೆಳಿಯ ಪಾತ್ರೆಯ ಎರಡು ಕಿವಿ ಹಿಡಿದು ಚರಂಡಿಯ ತನಕ ಹೋದಳು. ಅಲ್ಲಿ ನಿಂತಳು. ಹಿಂದೆ ಸಾಲಿನಲ್ಲಿ ಯಾರಾದರೂ ಏನಾದರೂ ಹೇಳಿದರೋ ಇಲ್ಲವೋ ನೆನಪಿಲ್ಲ. ಅವಳು ನನ್ನ ಕಡೆ ನೋಡಿದಳು. ಕರಪತ್ರ ನನ್ನ ಜೇಬಿನಲ್ಲಿತ್ತು. ನಾನು ಚೆಲ್ಲು ಎನ್ನಬೇಕಿತ್ತು. ನಾನು ಕಣ್ಣು ತೆಗೆದು ಹೊಳೆಯ ಕಡೆ ನೋಡಿದೆ. ಅವಳು ಪಾತ್ರೆಯನ್ನು ತಿರುಗಿ ತಂದು ಒಲೆಯ ಪಕ್ಕದಲ್ಲಿಟ್ಟಳು, ಒಂದು ಹಿಡಿ ಉಪ್ಪು ಹಾಕಿದಳು.

ಗೆಣಸಿನ ಹೋಳುಗಳನ್ನು ಬಾಳೆಎಲೆಯಲ್ಲಿ ಕೊಟ್ಟರು, ತೆಳಿಯನ್ನು ತೆಂಗಿನ ಗೆರಟೆಯಲ್ಲಿ. ಮನೆಯಲ್ಲಿ ಬಸುರಿಯೋ ಮುದುಕರೋ ಇದ್ದವರು ಹೋಳುಗಳನ್ನು ಕಟ್ಟಿಕೊಂಡು ಬರೀ ತೆಳಿ ಕುಡಿದು ಹೊಟ್ಟೆ ತುಂಬಿಸಿಕೊಂಡರು. ದೂಮಣ್ಣ ಅವರಲ್ಲೊಬ್ಬ. ತನ್ನ ಎಲೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಒಂದು ಗೆರಟೆ ಕುಡಿದು, ಇನ್ನೊಂದನ್ನು ತುಂಬಿಸಿ ನನ್ನ ಎದುರಿಗೆ ಹಿಡಿದ.

"ಒಂದು ವರ್ಷ ನಮ್ಮ ಹಸಿವೆ ಬರೆದ್ರಿ ಭಟ್ರೇ. ಒಮ್ಮೆ ನಮ್ಮ ನೀರು ಕುಡೀರಿ. ಆಗುವುದಿಲ್ಲ ಅಂತಾದರೆ ಬೇಡ. ಜುಟ್ಟು ಉದುರಿದರೆ ನಾನು ಜವಾಬ್ದಾರಿಯಲ್ಲ."

ಸಾಲಿನಲ್ಲಿದ್ದವರು ನಕ್ಕರು. ಕೆಟ್ಟ ನಗೆಯಲ್ಲ, ಆದರೆ ಕಾಯುವ ನಗೆ. ನನ್ನ ಕಾಲೇಜಿನ ಓದು, ಒಂದು ವರ್ಷದ ಓಡಾಟ, ನಾನು ತಂದೆಯ ಹಾಗಲ್ಲ ಎಂಬ ನನ್ನ ಹೆಮ್ಮೆ ಎಲ್ಲವೂ ಆ ಗೆರಟೆಯಲ್ಲಿತ್ತು. ತೆಗೆದುಕೊಂಡು ಕುಡಿದೆ.

ಕಹಿ. ಕಷಾಯದ ಕಹಿಯಲ್ಲ, ಅದರ ಕೆಳಗೆ ಇನ್ನೇನೋ ಇತ್ತು, ಬಾದಾಮಿಯ ಸಿಪ್ಪೆ ಜಗಿದ ಹಾಗೆ. ಅರ್ಧದಲ್ಲಿ ನಿಲ್ಲಿಸಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಇದು ಕಹಿಯಾಗಿದೆ, ಕುಡಿಯಬೇಡಿ ಎಂದು ಆ ಕ್ಷಣ ಹೇಳಿದ್ದರೆ ಅವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು. ಅರ್ಚಕರ ಮಗ ಮಾರ್ತಕ್ಕನ ಕೈಯ ನೀರನ್ನು ಉಗಿದ ಎಂದು. ಕಷ್ಟಪಟ್ಟು ನಕ್ಕು ಗೆರಟೆಯನ್ನು ಹಿಂದಕ್ಕೆ ಕೊಟ್ಟೆ.

"ಸ್ವಲ್ಪ ಕಹಿ ಉಂಟಲ್ವಾ?" ಎಂದ ದೂಮಣ್ಣ. ಉಳಿದದ್ದನ್ನು ತಾನೇ ಕುಡಿದ. "ಆಟಿಯಲ್ಲಿ ಕಹಿ ಒಳ್ಳೆಯದು. ಪಾದ್ರಿಗಳ ಕಮಿಟಿಯವರು ಕಷಾಯವನ್ನೂ ಮಂಜೂರು ಮಾಡಿದ್ದಾರೆ."

ಮತ್ತೆ ನಗೆ. ಮತ್ತೆ ಗೆರಟೆಗಳು ಮುಂದೆ ಬಂದವು.

ಎಷ್ಟು ಹೊತ್ತಾಯಿತೋ ತಿಳಿಯದು. ಸಾಲು ಇನ್ನೂ ಮುಗಿದಿರಲಿಲ್ಲ. ಮೊದಲು ಒಬ್ಬ ಹೆಂಗಸು ಗೋಡೆ ಹಿಡಿದು ಕುಳಿತು ವಾಂತಿ ಮಾಡಿದಳು. ಆಮೇಲೆ ಇನ್ನಿಬ್ಬರು. ದೂಮಣ್ಣ ಮನೆಗೆ ಹೊರಟವನು ಶೆಡ್ಡಿನ ಹೊಸ್ತಿಲಲ್ಲಿ ಕಾಲು ಸಿಕ್ಕಿದವನಂತೆ ಬಿದ್ದ. ಸೊಂಟದ ಎಲೆ ಬಿಚ್ಚಿ ಹೋಳುಗಳು ಕೆಸರಿಗೆ ಚೆಲ್ಲಿದವು. ಅವನು ಬಿದ್ದಲ್ಲಿಂದಲೇ ಕೈ ಚಾಚಿ ಅವನ್ನು ಒಟ್ಟುಮಾಡಲು ನೋಡುತ್ತಿದ್ದ. ಅದನ್ನು ನಾನು ಮರೆಯಲಾರೆ.

"ವಾಂತಿಭೇದಿ," ಎಂದು ಯಾರೋ ಹೇಳಿದರು. ಆ ಒಂದು ಮಾತಿಗೆ ಅರ್ಧ ಜನ ಓಡಿದರು. ಉಳಿದವರು ಶೆಡ್ಡಿನ ಹಳೆಯ ಹಲಗೆಗಳ ಮೇಲೆ ಬಿದ್ದವರನ್ನು ಹೊತ್ತರು. ನಾನು ದೂಮಣ್ಣನ ಹಲಗೆಗೆ ಹೆಗಲು ಕೊಟ್ಟೆ. ಆಸ್ಪತ್ರೆಗೆ ಏರು ದಾರಿ, ಎದುರಿನಿಂದ ಮಳೆ. ನನ್ನ ಕಿವಿಯೊಳಗೆ ಜೀರುಂಡೆಯಂತೆ ಸದ್ದು ಶುರುವಾಯಿತು. ಎದೆ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಂತು ಕೇಳಿಸಿಕೊಳ್ಳುವಂತಿತ್ತು. ನನಗೆ ಆಗ ಖಚಿತವಾಗಿ ಗೊತ್ತಾಯಿತು, ಇದು ವಾಂತಿಭೇದಿಯಲ್ಲ, ನನ್ನೊಳಗೂ ಅದೇ ಇದೆ, ನಾನೂ ಸಾಯಬಹುದು.

ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರು ಹನ್ನೊಂದು ಮಂದಿಯನ್ನು ಸಾಲಾಗಿ ಮಲಗಿಸಿದರು. ಅವರೂ ವಾಂತಿಭೇದಿ ಎಂದೇ ತಿಳಿದು ಅದರ ಔಷಧಿಗೆ ಹೇಳಿದರು. ನನ್ನನ್ನು ಕೇಳಿದರು: "ಓದಿದವರು ಹಾಗೆ ಕಾಣ್ತೀರಿ. ಇವರು ಏನು ತಿಂದಿದ್ದಾರೆ? ಎಲ್ಲರೂ ಒಂದೇ ತಿಂದದ್ದಾ?"

"ಗೆಣಸು," ಎಂದೆ.

"ನೀವು?"

ಜಗಲಿಯ ತುದಿಯಲ್ಲಿ ತಂದೆಯ ಪರಿಚಯದವರೊಬ್ಬರು ನಿಂತು ನೋಡುತ್ತಿದ್ದರು. "ಇಲ್ಲ," ಎಂದೆ. "ನಾನು ಅಲ್ಲಿ ಏನೂ ಮುಟ್ಟುವುದಿಲ್ಲ."

ಒಂದು ಗಂಟೆ ಹೋಯಿತು. ಒಂದು ಗಂಟೆ ನಾನು ಕಂಬಕ್ಕೆ ಒರಗಿ ನಿಂತು, ಬೆರಳಿನಿಂದ ನಾಡಿ ಹಿಡಿದು, ನನ್ನ ಎದೆ ನಿಲ್ಲುತ್ತದೆಯೋ ಎಂದು ಎಣಿಸುತ್ತಿದ್ದೆ. ಬಾಯಿ ತೆರೆದು ಎರಡು ಮಾತು ಹೇಳಿದ್ದರೆ ಸಾಕಿತ್ತು. ತೆಳಿ ಕಹಿಯಾಗಿತ್ತು, ನಾನೂ ಕುಡಿದಿದ್ದೇನೆ. ಮನಸ್ಸಿನಲ್ಲಿ ಆ ಮಾತನ್ನು ಎಷ್ಟೋ ಸಲ ಹೇಳಿದೆ. ಈಗಲೂ ಹೇಳುತ್ತಿರುತ್ತೇನೆ.

ಆಗ ಮಾರ್ತಕ್ಕ ಬಂದಳು. ಒಲೆ ಆರಿಸಿ, ಮಳೆಯಲ್ಲಿ ನೆನೆದು, ಕೈಯಲ್ಲಿ ಸಣ್ಣ ಚೊಂಬು. ಡಾಕ್ಟರ ಎದುರು ಇಟ್ಟಳು.

"ಇದನ್ನು ಚೆಲ್ಲಬೇಕಿತ್ತು. ನಾನು ಚೆಲ್ಲಲಿಲ್ಲ. ಬರೀ ಗೆಣಸು ತಿಂದವರು ಮನೆಯಲ್ಲಿ ಸರಿಯಾಗಿಯೇ ಇದ್ದಾರೆ, ನಾನು ನೋಡಿ ಬಂದೆ. ಇದನ್ನು ಕುಡಿದವರು ಇವರು."

ಡಾಕ್ಟರು ಮೂಸಿ ನೋಡಿದರು. "ಇದು ವಾಂತಿಭೇದಿಯಲ್ಲ, ಕಹಿ ಗೆಣಸಿನ ವಿಷ," ಎಂದರು. ರಬ್ಬರ್ ನಳಿಗೆ ತರಿಸಿ ಒಬ್ಬೊಬ್ಬರ ಹೊಟ್ಟೆ ತೊಳೆಸಿದರು. ಹತ್ತು ಮಂದಿ ಉಳಿದರು. ದೂಮಣ್ಣನ ಸರದಿ ಬರುವಷ್ಟರಲ್ಲಿ ಅವನು ಹೋಗಿದ್ದ. ಹುಬ್ಬಿಲ್ಲದ ಆ ಮುಖ, ಏನೋ ಜೋಕು ಹೇಳಲು ಹೊರಟು ಮರೆತುಹೋದವನ ಹಾಗೆ.

ಮರುದಿನ ಯೋನ ಪಾದ್ರಿಗಳು ನನ್ನನ್ನೂ ಮಾರ್ತಕ್ಕನನ್ನೂ ಶೆಡ್ಡಿಗೆ ಕರೆದರು. ಅವರು ರಾತ್ರಿ ನಿದ್ದೆ ಮಾಡಿರಲಿಲ್ಲ. ಕಮಿಟಿಗೆ ತಿಳಿಸಬೇಕಿತ್ತು.

"ನೀರು ಚೆಲ್ಲಲಿಕ್ಕೆ ಇವಳಿಗೆ ಹೇಳಿದ್ದಿರಾ?"

"ಹೇಳಿದ್ದೆ. ಮೂರು ಸಲ ಹೇಳಿದ್ದೆ."

ಅದು ನಿಜ. ಅಷ್ಟು ನಿಜವಾದ ಮಾತನ್ನು ನಾನು ಜೀವಮಾನದಲ್ಲಿ ಆಡಿಲ್ಲ, ಅಷ್ಟು ಕೆಟ್ಟದ್ದನ್ನೂ ಆಡಿಲ್ಲ. ಪಾದ್ರಿಗಳು ಮಾರ್ತಕ್ಕನ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು. ವರದಿಯನ್ನು ನಾನೇ ಬರೆದೆ. ಅಡುಗೆಯವಳಿಗೆ ಸ್ಪಷ್ಟವಾಗಿ ತಿಳಿಸಿದ್ದರೂ ಅವಳು ಪಾಲಿಸಲಿಲ್ಲ ಎಂದು. ಕಮಿಟಿಯವರು ಕೆಟ್ಟವರಲ್ಲ. ಒಂದು ತಿಂಗಳ ಮೇಲೆ ಶೆಡ್ಡನ್ನು ಮತ್ತೆ ತೆರೆಸಿದರು, ಅಕ್ಕಿಯನ್ನೇ ಕಳುಹಿಸಿದರು, ಅಡುಗೆಗೆ ಬೇರೆಯವರನ್ನು ಇಟ್ಟರು. ಕಾವೂರಿನ ಗುಡ್ಡೆಯ ಗೆಣಸನ್ನು ಯಾರೂ ಅಗೆಯಲಿಲ್ಲ. ಅದು ಆಳೆತ್ತರ ಬೆಳೆದು ನಿಂತಿತು. ಹೆಗ್ಗಣಗಳು ಮುಟ್ಟಲಿಲ್ಲ.

ದೂಮಣ್ಣನ ಮಗಳಿಗೆ ಹೆಣ್ಣು ಹುಟ್ಟಿತು ಎಂದು ಆಮೇಲೆ ಕೇಳಿದೆ. ಕಳೆದ ವಾರದ ತಪಾಸಣೆಯ ತನಕ ನಾನು ಆ ಓಣಿಗೆ ಕಾಲಿಟ್ಟಿರಲಿಲ್ಲ.

ನಿನ್ನೆ ಮಾರ್ತಕ್ಕನ ಮನೆಗೇ ಹೋದೆ. ಮಧ್ಯಾಹ್ನದ ಹೊತ್ತು, ಆಟಿಯದೇ ಮಳೆ. ಬಾಗಿಲು ತೆರೆದಿತ್ತು. ಮಾರ್ತಕ್ಕ ಒಲೆಯ ಎದುರು ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ಕುತ್ತಿಗೆ ಮಾತ್ರ ಈಗಲೂ ನೆಟ್ಟಗಿತ್ತು.

"ಬನ್ನಿ ಭಟ್ರೇ. ನನ್ನ ಅಕ್ಕಿ ಕಡಿಮೆ ಮಾಡ್ಲಿಕ್ಕೆ ಬಂದದ್ದಾ? ಅಬ್ಬು ಸಾಹೇಬರು ಹೇಳಿದ್ದಾರೆ."

"ಅಲ್ಲ."

ಕುಳಿತುಕೊಳ್ಳಲು ಹೇಳಲಿಲ್ಲ. ನಾನು ಬಾಗಿಲ ಬಳಿ ನಿಂತೇ ಹೇಳಿದೆ. ಆರು ವರ್ಷ ಹೇಳದ ಮಾತನ್ನು ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. "ಅವತ್ತು ನಾನೂ ಕುಡಿದಿದ್ದೆ. ಕಹಿ ಇತ್ತು. ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಆಸ್ಪತ್ರೆಯಲ್ಲಿಯೂ ಹೇಳಲಿಲ್ಲ."

ಅವಳು ಪಾತ್ರೆಯ ಮುಚ್ಚಳ ಸರಿಸಿ, ಒಂದು ಅಗುಳು ತೆಗೆದು ಬೆರಳಿನಲ್ಲಿ ಹಿಚುಕಿ ನೋಡಿದಳು.

"ನೀವು ಕುಡಿದದ್ದು ನನಗೆ ಗೊತ್ತುಂಟು. ನಾನು ಒಲೆಯ ಹತ್ತಿರವೇ ಇದ್ದೆನಲ್ಲ. ನಿಮ್ಮ ಮುಖ ನೋಡಿದ್ದೇನೆ."

"ಮತ್ತೆ?"

"ಮತ್ತೆ ಎಂತ? ನಾನು ಎಣಿಸಿದ್ದು ಬೇರೆ. ನನ್ನ ಕೈಯದ್ದು ಅಂತ ನಿಮಗೆ ಹೇಸಿಗೆ ಆಯ್ತು ಅಂತ ಎಣಿಸಿದೆ. ಸಿಟ್ಟು ಬಂತು." ಅವಳು ಒಲೆಯಿಂದ ಕೊಳ್ಳಿ ಹಿಂದಕ್ಕೆ ಎಳೆದಳು. "ದಿನಾ ಬಡಿಸುವಾಗ ಒಮ್ಮೆ ಬಾಯಿಗೆ ಹಾಕಿ ಉಪ್ಪು ನೋಡ್ತಿದ್ದೆ. ಅವತ್ತು ಆ ಸಿಟ್ಟಿನಲ್ಲಿ ನೋಡ್ಲಿಲ್ಲ. ದೂಮಣ್ಣ ಮತ್ತೊಂದು ಗೆರಟೆ ಕೇಳಿದ. ತುಂಬಿಸಿ ಕೊಟ್ಟೆ, ನಿಮಗೆ ಕಾಣ್ಲಿ ಅಂತ."

ಹೊರಗೆ ಮಳೆ ಜೋರಾಯಿತು. ಅವಳು ಪಾತ್ರೆಗೆ ಅಡ್ಡ ಹಲಗೆ ಹಿಡಿದು ಬಸಿಯತೊಡಗಿದಳು. ಕುಚ್ಚಲಕ್ಕಿಯ ಆವಿ ಕೋಣೆಯನ್ನು ತುಂಬಿತು. ತೆಳಿಯ ಪಾತ್ರೆಯನ್ನು ಎತ್ತಿ ಹಿಂದಿನ ಬಚ್ಚಲಿಗೆ ಹೋದಳು. ನಾನು ಹಿಂದೆಯೇ ಹೋದೆ.

"ನನಗೊಂದು ಗೆರಟೆ ಕೊಡಿ ಮಾರ್ತಕ್ಕ."

ಅವಳು ನಿಂತಳು. ಪಾತ್ರೆ ಕೈಯಲ್ಲಿ, ಆವಿ ಮುಖಕ್ಕೆ.

"ಇದು ಅಕ್ಕಿಯದ್ದು," ಎಂದೆ. "ಎಂತ ಆಗುವುದಿಲ್ಲ."

"ಗೊತ್ತುಂಟು," ಎಂದಳು. "ಕೈ ಕೇಳುವುದಿಲ್ಲ ಭಟ್ರೇ."

ಚೆಲ್ಲಿದಳು. ಬೆಳ್ಳಗಿನ ನೀರು ಗೋಡೆಯ ತೂತಿನಿಂದ ಓಣಿಗೆ ಹೋಗುವುದನ್ನು ಇಬ್ಬರೂ ನೋಡಿದೆವು. ಪಾತ್ರೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಪಾತ್ರೆಯನ್ನು ಕವುಚಿ ಅದನ್ನೂ ಕೊಡವಿದಳು.